ಒಂದು ಇಟ್ಟಿಗೆಯೂ ಆಚೆ ಹೋಗುವುದಿಲ್ಲ

“ಏ ಮುಂಡೆ, ಇಟ್ಟಿಗೆ ಕೆರೆಯೋಕೆ ಬಂದಿದ್ದೀಯೋ, ಇಲ್ಲ ಅದಕ್ಕೆ ಸ್ನಾನ ಮಾಡಿಸೋಕೆ ಬಂದಿದ್ದೀಯೋ? ಕೈ ಬೇಗ ಆಡಲಿ.”

ಕಂಟ್ರಾಕ್ಟರನ ರೈಟರು ತಗಡಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದ. ಮುಂಡೆ ಎನ್ನುವುದು ಅವನ ಬಾಯಲ್ಲಿ ಬೈಗುಳ. ಸುಣ್ಣಕ್ಕನಿಗೆ ಇದ್ದದ್ದನ್ನೇ ಹೇಳಿದ ಹಾಗೆ. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು. ಅವಳು ತಲೆ ಎತ್ತದೆ ಎಡಗೈಯಲ್ಲಿದ್ದ ಇಟ್ಟಿಗೆಯನ್ನು ಹೊರಳಿಸಿ, ಉಳಿಯನ್ನು ಓರೆಯಾಗಿಟ್ಟು, ಅಂಟಿದ್ದ ಹಳೆಯ ಗಾರೆಯನ್ನು ಕೆರೆದಳು. ಗಾರೆ ಒಂದೇ ಚಕ್ಕೆಯಾಗಿ ಎದ್ದು ಮಡಿಲಿಗೆ ಬಿತ್ತು. ಇಟ್ಟಿಗೆಯ ಮೂಲೆಗೆ ಒಂದು ಚೂರೂ ಪೆಟ್ಟಾಗಿರಲಿಲ್ಲ.

“ಅವನ ಮೂಗು ಕೊಯ್ಯ,” ಎಂದಳು ಪಕ್ಕದಲ್ಲಿ ಕೂತಿದ್ದ ಮೆಣಸಜ್ಜಿ, ರೈಟರಿಗೆ ಕೇಳಿಸಲಿ ಎಂದೇ. “ನಾವೇನು ಅವನ ಹೆಣ ತೊಳೀತಿದ್ದೀವಾ? ಹಂಗೆ ಮೂಗು ಮುಚ್ಕೊಂಡು ಕೂತಿದ್ದಾನೆ, ಬೇವರ್ಸಿ.”

ಮೆಣಸಜ್ಜಿಗೆ ಆ ಹೆಸರು ಬಂದದ್ದು ನಾಲಿಗೆಯಿಂದ. ಸುಣ್ಣಕ್ಕನಿಗೆ ಬಂದದ್ದು ಕೈಯಿಂದ. ಆ ಜಾಗದಲ್ಲಿ ಮೊದಲು ಇದ್ದದ್ದು ತೊಗಲು ಹದ ಮಾಡುವ ಕಾರ್ಖಾನೆ. ಹಸಿ ತೊಗಲನ್ನು ಸುಣ್ಣದ ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಕೂದಲು ಸಡಿಲವಾದ ಮೇಲೆ ಮರದ ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಕತ್ತಿಯಿಂದ ಕೆರೆಯಬೇಕು. ಚೂರು ಜಾಸ್ತಿ ಒತ್ತಿದರೆ ತೊಗಲು ಹರಿಯುತ್ತದೆ, ಕಮ್ಮಿ ಒತ್ತಿದರೆ ಮಾಂಸ ಉಳಿಯುತ್ತದೆ. ಹದಿನಾರನೇ ವಯಸ್ಸಿನಿಂದ ಅವಳು ಕೆರೆದದ್ದೇ ಕೆರೆದದ್ದು. ಸುಣ್ಣ ತಿಂದು ತಿಂದು ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತು ಎಂದರೆ ಕಾಗದದ ಮೇಲೆ ಬರೀ ಒಂದು ಮಸಿಯ ಮಚ್ಚೆ ಮೂಡುತ್ತಿತ್ತು.

ಅವಳೀಗ ಕೆರೆಯುತ್ತಿದ್ದದ್ದು ತನ್ನದೇ ಮನೆಯ ಇಟ್ಟಿಗೆಗಳನ್ನು. ಕಾರ್ಖಾನೆಯ ಹಿಂದೆ ಸಾಲಾಗಿ ನಲವತ್ತು ಮನೆಗಳಿದ್ದವು. ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ. ಹಗಲೆಲ್ಲ ತೊಗಲು ಮುಟ್ಟಿದ ಕೈ, ತೊಗಲು ಮುಟ್ಟಿದ ಬಟ್ಟೆ ಆ ಕೋಣೆಯಲ್ಲೇ ಒಣಗಿ ಒಣಗಿ ವಾಸನೆ ಗೋಡೆಯೊಳಗೆ ಇಳಿದುಬಿಟ್ಟಿತ್ತು. ರೈಟರು ಮೂಗು ಮುಚ್ಚಿಕೊಂಡದ್ದು ಆ ವಾಸನೆಗೆ. ಸುಣ್ಣಕ್ಕನಿಗೆ ಅದು ಮನೆಯ ವಾಸನೆ, ಅಷ್ಟೇ.

ಹದಿನೇಳನೇ ನಂಬರಿನ ಮನೆ ಅವಳಿಗೆ ಸುಮ್ಮನೆ ಉಳಿದದ್ದಲ್ಲ. ಕೊಳೆನೀರಿನ ತೊಟ್ಟಿ ತೊಳೆಯಲು ಇಳಿದ ಅವಳ ಗಂಡ ಮತ್ತಿಬ್ಬರು ಗಾಳಿ ಸಿಗದೆ ಅಲ್ಲೇ ಮಲಗಿಬಿಟ್ಟರು. ಕುಡಿದು ಇಳಿದಿದ್ದರು ಎಂದು ಮ್ಯಾನೇಜರು ಷರಾ ಬರೆದ, ಗಂಡ ಹೆಂಡತಿ ಇದ್ದ ಹದಿನೇಳನೇ ಮನೆಗೆ ಬೀಗ ಹಾಕಿಸಿದ. ಆಗ ಅವಳ ಅಣ್ಣ ಗೇಟಿಗೆ ಅಡ್ಡ ಮಲಗಿದ. ಕೆಲಸ ನಿಂತು ಬಾಯ್ಲರಿನ ಬೆಂಕಿ ಒಂಬತ್ತು ದಿನ ಆರಿಯೇ ಇತ್ತು. ಪೊಲೀಸರು ಲಾಠಿ ಬೀಸಿ ಅವನ ಎಡ ಭುಜ ಇಳಿಸಿದರು, ಅವನು ಏಳಲಿಲ್ಲ. ಹತ್ತನೇ ದಿನ ಮ್ಯಾನೇಜರು, ಈ ಹೆಂಗಸು ಬದುಕಿರುವವರೆಗೆ ಹದಿನೇಳನೇ ಮನೆ ಇವಳದೇ ಎಂದು ಕಾಗದ ಬರೆದುಕೊಟ್ಟ. ಅಣ್ಣ ಇಳಿಬಿದ್ದ ಭುಜದಲ್ಲೇ ಬಂದು ತಂಗಿಯ ಅಂಗೈಗೆ ಬೀಗದ ಕೈ ಹಾಕಿ ಮುಷ್ಟಿ ಮಡಚಿದ. ಅಂದಿನಿಂದ ನಲವತ್ತು ಮನೆಗೂ ಅವನು ಲೀಡರ್. ಅವನು ಹಗಲನ್ನು ರಾತ್ರಿ ಎಂದರೂ ಸುಣ್ಣಕ್ಕ ಹೂಂ ಎನ್ನುತ್ತಿದ್ದಳು.

ಕಾರ್ಖಾನೆ ಮುಚ್ಚಿ ಆರು ವರ್ಷ ಕಳೆದ ಮೇಲೆ ಆ ಜಾಗವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಒಂದು ದಿನ ಕುಲಪತಿ ಬಂದರು. ಬಿಳಿ ಅಂಗಿ, ಬಟ್ಟೆಯ ಚೀಲ, ತಣ್ಣಗಿನ ಮಾತು. ಹಳೆಯ ಗೇಟಿನ ಮುಂದೆ ಮೈಕು ಹಿಡಿದು ನಿಂತರು. ಇಲ್ಲಿ ಹೊಗೆ ಇಲ್ಲದ ಕ್ಯಾಂಪಸ್ ಬರುತ್ತದೆ, ಮಳೆನೀರು ಹಿಡಿಯುತ್ತೇವೆ, ಬಿಸಿಲಿನಿಂದ ಕರೆಂಟು ತೆಗೆಯುತ್ತೇವೆ, ಏನನ್ನೂ ಎಸೆಯುವುದಿಲ್ಲ ಎಂದರು. ಆಮೇಲೆ ಕೈಯೆತ್ತಿ ಹಿಂದಿನ ಮನೆಗಳನ್ನು ತೋರಿಸಿದರು.

“ನಿಮಗೆ ಮಾತು ಕೊಡ್ತೀನಿ. ಇಲ್ಲಿಂದ ಒಂದು ಇಟ್ಟಿಗೆಯೂ ಆಚೆ ಹೋಗುವುದಿಲ್ಲ.”

ನಲವತ್ತು ಮನೆಯವರೂ ಚಪ್ಪಾಳೆ ತಟ್ಟಿದರು. ಮೆಣಸಜ್ಜಿಯಂಥ ಮೆಣಸಜ್ಜಿ ಕಣ್ಣೊರೆಸಿಕೊಂಡಳು. ಇಟ್ಟಿಗೆಯೇ ಆಚೆ ಹೋಗುವುದಿಲ್ಲ ಎಂದ ಮೇಲೆ ಮನುಷ್ಯರು ಹೋಗುವ ಮಾತೆಲ್ಲಿ ಬಂತು ಎಂದುಕೊಂಡರು. ಯಾರಾದರೂ ಎದ್ದು, ಸ್ವಾಮಿ, ನಾವು? ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತದೆ, ದೊಡ್ಡವರಿಗೆ ಬೇಜಾರಾಗುತ್ತದೆ ಎಂದು ಸುಮ್ಮನಾದರು.

ಆ ಸಂಜೆ ಲೀಡರ್ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ. ಈ ಮನೆಗಳನ್ನು ಇಳಿಸುತ್ತಾರೆ. ಇದೇ ಇಟ್ಟಿಗೆಯಲ್ಲಿ, ಇದೇ ಜಾಗದ ಪೂರ್ವದ ಮೂಲೆಯಲ್ಲಿ ನಲವತ್ತು ಹೊಸ ಮನೆ ಏಳುತ್ತವೆ. ಮೂರು ತಿಂಗಳು ಊರಾಚೆಯ ಹಳೆ ಕಲ್ಲುಗಣಿಯ ಹತ್ತಿರ ತಗಡಿನ ಶೆಡ್ಡಲ್ಲಿ ಇರಬೇಕು, ಅಷ್ಟೇ.

“ಇಟ್ಟಿಗೆ ಕಂಟ್ರಾಕ್ಟರ್ ಕೈಗೆ ಬಿಟ್ರೆ ಅರ್ಧಕ್ಕರ್ಧ ಪುಡಿ ಮಾಡ್ತಾನೆ,” ಎಂದ. “ನೀವೇ ಇಳಿಸಿ, ನೀವೇ ಕೆರೀರಿ. ಪ್ರತಿ ಇಟ್ಟಿಗೆಗೂ ಅವರವರ ಮನೆ ನಂಬರ್ ಕೆತ್ತಿಡಿ. ನಿಮ್ಮ ಇಟ್ಟಿಗೆ ನಿಮ್ಮ ಗೋಡೆಗೇ ಬರಬೇಕಲ್ವಾ?”

“ಬೇರೆಯವರ ಇಟ್ಟಿಗೆ ನನ್ನ ಗೋಡೆಗೆ ಬಂದ್ರೆ ಏನಾಗುತ್ತೋ?” ಎಂದಳು ಮೆಣಸಜ್ಜಿ.

“ಸುಣ್ಣಕ್ಕನ ಒಲೆ ಹೊಗೆ ನಿನ್ನ ಮನೇಲಿ ಬರುತ್ತೆ,” ಎಂದ ಲೀಡರ್. ಎಲ್ಲರೂ ನಕ್ಕರು.

ಮನೆ ಇಳಿಸಲು ಶುರು ಮಾಡಿದ ದಿನ ಅವನೇ ಮೊದಲು ಹದಿನೇಳನೇ ಮನೆಯ ಗೋಡೆ ಹತ್ತಿದ. ಸರಿಯಿರುವ ಭುಜದಿಂದ ಮೊದಲ ಇಟ್ಟಿಗೆ ಎಬ್ಬಿಸಿ, ಕೆಳಗೆ ನಿಂತಿದ್ದ ತಂಗಿಯ ಕಡೆ ತೂರಿದ.

“ಹಿಡ್ಕೋ. ಇದು ಒಂದು.”

ಸುಣ್ಣಕ್ಕ ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಇಟ್ಟಿಗೆ ಹಿಡಿಯುವುದಕ್ಕೆ ಒಂದು ಲೆಕ್ಕವಿದೆ: ಬರುವ ರಭಸಕ್ಕೆ ಎದುರು ನಿಲ್ಲಬಾರದು, ಅದರ ಜೊತೆಗೇ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅಪ್ಪ ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲೇ ಅಣ್ಣತಂಗಿ ಇಬ್ಬರೂ ಅದನ್ನು ಕಲಿತಿದ್ದರು. ಕೈ ತಪ್ಪಿ ಬಿದ್ದ ಇಟ್ಟಿಗೆಗೊಂದು ಏಟು ತಿಂದು ಕಲಿತಿದ್ದರು.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಹದಿನೇಳು ಎಂದರೆ ಒಂದು ಕಡ್ಡಿ, ಪಕ್ಕದಲ್ಲಿ ಒಂದು ಕುಡುಗೋಲು ಎಂದು ಗೊತ್ತಿತ್ತು. ಕೆರೆದ ಪ್ರತಿ ಇಟ್ಟಿಗೆಯ ಚಪ್ಪಟೆ ಮುಖದ ಮೇಲೆ ಮೊಳೆಯಿಂದ ಕಡ್ಡಿ ಗೀಚಿದಳು, ಕುಡುಗೋಲು ಗೀಚಿದಳು. ಮೂರು ಸಾವಿರದ ಎಂಟುನೂರ ನಲವತ್ತು ಇಟ್ಟಿಗೆ. ರೈಟರು ಬೈದ, ಕರ್ಚೀಫು ಬದಲಿಸಿದ, ಮತ್ತೆ ಬೈದ. ಅವಳು ತನ್ನ ಪಾಡಿಗೆ ತಾನು ಒಲೆಯ ಹಿಂದಿನ ಮಸಿ ಹಿಡಿದ ಇಟ್ಟಿಗೆಗಳನ್ನು ಬೇರೆ ಪೇರಿಸಿದಳು. ಹೊಸ ಮನೆಯಲ್ಲೂ ಅವು ಒಲೆಯ ಹಿಂದೆಯೇ ಬರಲಿ ಎಂದು. ಒಂದು ಇಟ್ಟಿಗೆಯ ಮೇಲೆ ಗಂಡ ಯಾವಾಗಲೋ ಬೀಡಿ ಆರಿಸಿದ್ದ ಕಪ್ಪು ಚುಕ್ಕೆಗಳಿದ್ದವು. ಅದನ್ನು ಕೆರೆಯದೆ ಹಾಗೇ ಇಟ್ಟಳು.

ಮೂರು ತಿಂಗಳು ಹೋಗಿ ಎರಡು ವರ್ಷವಾಯಿತು.

ಕಲ್ಲುಗಣಿಯ ಶೆಡ್ಡುಗಳಲ್ಲಿ ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಬಿಸಿಲು ಬಂದರೆ ತಗಡು ಮುಟ್ಟುವಂತಿರಲಿಲ್ಲ. ಕ್ಯಾಂಪಸ್ಸಿನ ಲಾರಿಗಳು ದಿನಾ ಬಂದು ಪಕ್ಕದ ಗುಂಡಿಗೆ ಮಣ್ಣು ಸುರಿದು ಹೋಗುತ್ತಿದ್ದವು. ಹಳೆಯ ತೊಟ್ಟಿಗಳ ತಳದಿಂದ ತೆಗೆದ, ಹಸಿರು ಮಿಶ್ರಿತ ನೀಲಿ ಬಣ್ಣದ ಮಣ್ಣು. ವಿದ್ಯಾರ್ಥಿಗಳು ಓಡಾಡುವ ನೆಲ ಶುದ್ಧವಾಗಿರಬೇಕಲ್ಲ. ಆ ಮಣ್ಣು ತುಳಿದ ಕಾಲಿಗೆ ಹುಣ್ಣಾಗಿ, ಒಣಗುತ್ತಲೂ ಇರಲಿಲ್ಲ, ಮಾಗುತ್ತಲೂ ಇರಲಿಲ್ಲ.

“ಕುಲಪತಿ ಸುಳ್ಳು ಹೇಳಿಲ್ಲ ಬಿಡೇ,” ಎಂದಳು ಮೆಣಸಜ್ಜಿ ಕಾಲಿಗೆ ಎಣ್ಣೆ ಸವರಿಕೊಳ್ಳುತ್ತ. “ಒಂದು ಇಟ್ಟಿಗೇನೂ ಆಚೆ ಬಂದಿಲ್ಲ. ಆಚೆ ಬಂದಿರೋದು ಕೆಟ್ಟ ಮಣ್ಣು, ಮತ್ತೆ ನಾವು.”

“ಸುಮ್ನಿರು. ಅಣ್ಣ ಮಾತಾಡ್ತಿದ್ದಾನೆ ಅವರ ಹತ್ರ.”

“ನಿಮ್ಮಣ್ಣನ ಮಾತು ಈಗೀಗ ತುಂಬ ಉದ್ದ ಆಗ್ತಿದೆ. ಕಾಲಿಗೆ ಬೂಟೂ ಬಂದಿದೆ.”

ಸುಣ್ಣಕ್ಕ ಅವಳ ಜೊತೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಮ್ಯಾನೇಜರು ಬರೆದುಕೊಟ್ಟಿದ್ದ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ತಾನೇ ಕ್ಯಾಂಪಸ್ಸಿನ ಆಫೀಸಿಗೆ ಹೋದಳು. ಅಲ್ಲಿ ಮೇಜಿನ ಹಿಂದೆ ಒಬ್ಬ ಅಧಿಕಾರಿ ಕೂತಿದ್ದ. ಅವನ ತಲೆಯ ಮೇಲೆ ಫ್ಯಾನಿರಲಿಲ್ಲ. ಗಾಳಿ ತಾನಾಗಿಯೇ ಬರುವ ಹಾಗೆ ಕಟ್ಟಿದ್ದಾರಂತೆ. ಅವನು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದ.

“ಇದೇನಮ್ಮ ಇಲ್ಲಿ, ಮಸಿ ಚೆಲ್ಲಿದ್ದೀಯಾ?”

“ನನ್ನ ಹೆಬ್ಬೆಟ್ಟು ಸ್ವಾಮಿ.”

“ಹೆಬ್ಬೆಟ್ಟಿಗೆ ಗೆರೆ ಇರಬೇಕು. ಇದರಲ್ಲಿ ಎಲ್ಲಿದೆ ಗೆರೆ?”

ಅವಳು ಕೈ ಚಾಚಿ ತೋರಿಸಿದಳು. “ಸುಣ್ಣ ತಿಂದಿದೆ. ಇಲ್ಲೇ ತಿಂದಿದ್ದು, ಈ ನಿಮ್ಮ ಮೇಜು ಇದೆಯಲ್ಲ, ಇಲ್ಲೇ ಇತ್ತು ತೊಟ್ಟಿ.”

ಅವನು ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡ. “ನೋಡಮ್ಮ, ಗೆರೆ ಇಲ್ಲದ ಹೆಬ್ಬೆಟ್ಟು ಯಾರದು ಬೇಕಾದರೂ ಆಗಬಹುದು. ನಾಯಿ ಕಾಲಿಟ್ಟರೂ ಹಿಂಗೇ ಕಾಣುತ್ತೆ. ನಿಮ್ಮ ಲೀಡರ್ ಎಲ್ಲರ ಪರವಾಗಿ ಸಹಿ ಹಾಕಿ ಮುಗಿಸಿದ್ದಾನೆ. ಅವನನ್ನೇ ಕೇಳು, ಹೋಗು.”

ಅಣ್ಣನನ್ನು ಕೇಳಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, “ಸಹಿ ಹಾಕಿದ್ದಕ್ಕೇ ಕಣೇ ಮನೆ ಬರೋದು. ನನ್ನ ಮೇಲೆ ನಂಬಿಕೆ ಇಲ್ವಾ?” ಎಂದ. ಅವನ ಇಳಿದ ಭುಜ ಅವಳ ಕಣ್ಣೆದುರೇ ಇತ್ತು. ಆ ಭುಜ ನೋಡಿಕೊಂಡು ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಆಮೇಲೆ ಇತಿಹಾಸದ ಮೇಡಂ ಬಂದಳು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ. ಕ್ಯಾಂಪಸ್ಸಿನ ಇತಿಹಾಸ ಬರೆಯುತ್ತಿದ್ದೇವೆ, ನಿಮ್ಮ ಬಾಯಿಂದಲೇ ಕೇಳಬೇಕು ಎಂದು ಶೆಡ್ಡಿನ ಮುಂದೆ ನೆಲದ ಮೇಲೇ ಕೂತಳು. ಮೂಗು ಮುಚ್ಚಲಿಲ್ಲ. ಕೊಟ್ಟ ನೀರು ಕುಡಿದಳು. ಸುಣ್ಣಕ್ಕ ಇಡೀ ಬೆಳಗು ಮಾತಾಡಿದಳು. ತೊಟ್ಟಿಯಲ್ಲಿ ಗಂಡ ಮಲಗಿದ್ದನ್ನು ಹೇಳಿದಳು, ಒಂಬತ್ತು ದಿನದ ಮುಷ್ಕರ ಹೇಳಿದಳು, ಮನೆಯ ನಂಬರು ಕೆತ್ತಿದ್ದು ಹೇಳಿದಳು. ಮೇಡಂ ಅಳುತ್ತಲೇ ಬರೆದುಕೊಂಡಳು. ಅಷ್ಟು ಓದಿದವಳು ತನಗಾಗಿ ಅತ್ತದ್ದು ಸುಣ್ಣಕ್ಕನಿಗೆ ದೊಡ್ಡದಾಗಿ ಕಂಡಿತು.

“ಇದೆಲ್ಲ ಬರೀತೀಯೇನಮ್ಮ?”

“ಬರೀತೀನಿ ಅಕ್ಕ. ಗೋಡೆ ಪಕ್ಕದಲ್ಲೇ ಬೋರ್ಡ್ ಹಾಕಿಸ್ತೀನಿ.”

ಯಾವ ಗೋಡೆ ಎಂದು ಸುಣ್ಣಕ್ಕ ಕೇಳಲಿಲ್ಲ. ತನ್ನ ಮನೆಯ ಗೋಡೆ ಎಂದುಕೊಂಡಳು.

ಉದ್ಘಾಟನೆಗೆ ಒಂದು ವಾರ ಮೊದಲು ಲೀಡರ್ ಶೆಡ್ಡಿಗೆ ಬಂದ. ದೊಡ್ಡ ದೊಡ್ಡವರು ಬರುತ್ತಾರೆ, ಹಳೆಯ ಕೆಲಸಗಾರರನ್ನು ಅವರಿಗೆ ತೋರಿಸಬೇಕಂತೆ ಎಂದ. ಹೆಂಗಸರು ಬಂದು ಇಟ್ಟಿಗೆ ಹೇಗೆ ಕೆರೆದರು ಎಂದು ಸ್ವಲ್ಪ ಹೊತ್ತು ಮಾಡಿ ತೋರಿಸಬೇಕು. ಉಳಿ, ಸುತ್ತಿಗೆ ತರಬೇಕು. ತೊಗಲಿನ ಹಳೆಯ ಏಪ್ರನ್ ಇದ್ದರೆ ಕಟ್ಟಿಕೊಂಡು ಬರಬೇಕು.

“ಮತ್ತೆ ಮನೆ?” ಎಂದಳು ಸುಣ್ಣಕ್ಕ.

“ಅವತ್ತೇ ಹೇಳ್ತಾರೆ. ಎಲ್ಲರ ಮುಂದೇನೇ ಹೇಳಿಸ್ತೀನಿ.”

ಅವಳು ಹಿಂದಿನ ದಿನವೇ ಏಪ್ರನ್ ತಿಕ್ಕಿ ಒರೆಸಿಟ್ಟಳು. ಹದಿನೇಳರ ಬೀಗದ ಕೈ ಇನ್ನೂ ಅವಳ ಹತ್ತಿರವೇ ಇತ್ತು. ಬಾಗಿಲೇ ಇಲ್ಲದ ಮನೆಯ ಬೀಗದ ಕೈ. ಅದನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. “ಪಾಸು?”

“ನಾವು ಇಲ್ಲಿಯವರೇ ಕಣಯ್ಯ,” ಎಂದಳು ಮೆಣಸಜ್ಜಿ.

“ಇಲ್ಲಿಯವರಿಗೇ ಪಾಸು ಇರೋದು.”

ಕಾರ್ಯಕ್ರಮದವನೊಬ್ಬ ಓಡಿ ಬಂದ. “ಬಿಡೋ ಅವರನ್ನ, ಅವರು ಪ್ರದರ್ಶನದ ಐಟಂ,” ಎಂದ. ಒಬ್ಬೊಬ್ಬರ ಎದೆಗೂ ಒಂದು ಹಸಿರು ಚೀಟಿ ಅಂಟಿಸಿ ಒಳಗೆ ಬಿಟ್ಟರು.

ಸುಣ್ಣಕ್ಕ ಪೂರ್ವದ ಮೂಲೆ ಎಲ್ಲಿ ಎಂದು ಹುಡುಕಿದಳು. ನಲವತ್ತು ಮನೆ ಏಳಬೇಕಾದ ಕಡೆ ಸೈಕಲ್ ನಿಲ್ಲಿಸುವ ಜಾಗವಿತ್ತು. ಸಾಲಾಗಿ ಹಸಿರು ಸೈಕಲ್ಲುಗಳು ನಿಂತಿದ್ದವು, ಅವುಗಳ ಮೇಲೊಂದು ಚಂದದ ಮಾಡು. ಅದರಾಚೆ ಸಿಬ್ಬಂದಿಗೆಂದು ಕಟ್ಟಿದ ಒಂದೇ ಒಂದು ಪುಟ್ಟ ಮನೆ. ಅದರ ಹಿಂದಿನ ತಂತಿಯ ಮೇಲೆ ಒಂದು ಹೊದಿಕೆ ಒಣಗುತ್ತಿತ್ತು. ತೊಗಲಿನ ಚೀಲದ ಒಳಗೆ ಹಾಕುವ ಅಸ್ತರು ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಸೇರಿಸಿ, ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಹೊದಿಕೆ. ಲಾಠಿ ಏಟು ತಿಂದು ಅಣ್ಣ ಮಲಗಿದ್ದಾಗ ಸುಣ್ಣಕ್ಕನೇ ಹೊಲಿದು ಹೊದಿಸಿದ್ದು ಅದು.

ಅಣ್ಣ ಇಲ್ಲಿ ಇರಲಿಕ್ಕಿಲ್ಲ, ಒಗೆಯಲು ಕೊಟ್ಟಿರಬೇಕು ಎಂದು ಸುಣ್ಣಕ್ಕ ತನಗೆ ತಾನೇ ಹೇಳಿಕೊಂಡು ಮುಂದೆ ನಡೆದಳು.

ಗ್ರಂಥಾಲಯದ ಎದುರು ಆ ಗೋಡೆ ಇತ್ತು. ಆಳೆತ್ತರ, ಹಾವಿನ ಹಾಗೆ ಬಳುಕಿಕೊಂಡು ಹೋಗಿತ್ತು. ಅದರ ಮೇಲೆ ಮಾಡಿಲ್ಲ, ಅದರೊಳಗೆ ಕೋಣೆಯಿಲ್ಲ. ಇಟ್ಟಿಗೆಗಳನ್ನು ಮಲಗಿಸದೆ, ಚಪ್ಪಟೆ ಮುಖ ಹೊರಗೆ ಬರುವಂತೆ ನಿಲ್ಲಿಸಿ ಕಟ್ಟಿದ್ದರು. ಆ ಮುಖಗಳ ಮೇಲೆಲ್ಲ ನಂಬರುಗಳು. ಹದಿನಾರು, ಮೂವತ್ತೆರಡು, ಐದು. ಕಡ್ಡಿ ಮತ್ತು ಕುಡುಗೋಲು. ಕಡ್ಡಿ ಮತ್ತು ಕುಡುಗೋಲು. ಒಲೆಯ ಹಿಂದಿನ ಮಸಿಯ ಇಟ್ಟಿಗೆಗಳನ್ನು ಅಲ್ಲಲ್ಲಿ ಚುಕ್ಕೆ ಇಟ್ಟಂತೆ ಹಾಕಿದ್ದರು. ತುದಿಯ ಮೇಲಿನ ಸಾಲಿನಲ್ಲಿ ಬೀಡಿಯ ಕಪ್ಪು ಚುಕ್ಕೆಗಳಿದ್ದ ಇಟ್ಟಿಗೆಯೂ ಇತ್ತು.

ಪಕ್ಕದಲ್ಲಿ ಬೋರ್ಡು. ಅದರ ಹತ್ತಿರ ಇತಿಹಾಸದ ಮೇಡಂ ನಿಂತಿದ್ದಳು. ಸುಣ್ಣಕ್ಕನನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದಳು.

“ಓದಮ್ಮ,” ಎಂದಳು ಸುಣ್ಣಕ್ಕ.

ಮೇಡಂ ಓದಿದಳು. “ನೆನಪಿನ ಗೋಡೆ. ಹಳೆಯ ಕಾರ್ಖಾನೆಯ ಇಟ್ಟಿಗೆಗಳಿಂದ ನಿರ್ಮಿಸಿದ್ದು. ಇವುಗಳ ಮೇಲಿನ ಅಂಕಿಗಳು ನೂರು ವರ್ಷಗಳ ಹಿಂದಿನ ಇಟ್ಟಿಗೆ ತಯಾರಕರ ಗುರುತುಗಳೆಂದು ನಂಬಲಾಗಿದೆ.”

“ಅದು ನಾನು ಕೆತ್ತಿದ್ದು. ನಿಂಗೆ ಹೇಳಿದ್ನಲ್ಲ.”

“ಬರೆದು ಕೊಟ್ಟಿದ್ದೆ ಅಕ್ಕ. ಎಲ್ಲಾನೂ ಬರೆದಿದ್ದೆ,” ಎಂದಳು ಮೇಡಂ. “ಜಾಗ ಸಾಲಲ್ಲ ಅಂದ್ರು.”

ಅಷ್ಟರಲ್ಲಿ ಅತಿಥಿಗಳು ಬಂದರು. ಹೆಂಗಸರನ್ನು ಗೋಡೆಯ ಮುಂದೆ ಚಾಪೆಯ ಮೇಲೆ ಮಣೆ ಹಾಕಿ ಕೂರಿಸಿ, ಒಬ್ಬೊಬ್ಬರ ಮುಂದೆ ಎರಡೆರಡು ಹಳೆಯ ಇಟ್ಟಿಗೆ ಇಟ್ಟರು. ಒಬ್ಬ ಅತಿಥಿ ಬಗ್ಗಿ ಸುಣ್ಣಕ್ಕನ ಏಪ್ರನ್ನಿನ ಅಂಚು ಹಿಡಿದು ಮೂಸಿ, ಅಸಲಿ ತೊಗಲು ಎಂದು ಪಕ್ಕದವರಿಗೆ ಹೇಳಿದ. ಕುಲಪತಿ ಮೈಕನ್ನು ಆರ್ಕಿಟೆಕ್ಟ್ ಕೈಗೆ ಕೊಟ್ಟರು.

ಆರ್ಕಿಟೆಕ್ಟ್ ಖುಷಿಯ ಮನುಷ್ಯ. ಗೋಡೆಯನ್ನು ಕುದುರೆಯ ಬೆನ್ನು ಸವರಿದ ಹಾಗೆ ಸವರಿದ. “ಹಳೆ ಕಟ್ಟಡ ಇಳಿಸಿದರೆ ನೂರಕ್ಕೆ ನಲವತ್ತು ಇಟ್ಟಿಗೆ ಒಡೆದುಹೋಗುತ್ತವೆ. ಇಲ್ಲಿ ಒಡೆದದ್ದು ಮೂರು. ಬರೀ ಮೂರು. ಹೇಗೆ ಗೊತ್ತಾ? ಜನ ತಮ್ಮ ಮನೆಯ ಹಾಗೆ ಜೋಪಾನ ಮಾಡಿದರು. ಈ ಗೋಡೆಗೆ ಒಂದು ಚಮಚ ಸಿಮೆಂಟ್ ಹಾಕಿಲ್ಲ, ಪೂರ್ತಿ ಸುಣ್ಣದ ಗಾರೆ. ಒಳಗೆ ಪೊಳ್ಳು ಬಿಟ್ಟಿದ್ದೇವೆ. ನಾಳೆ ಇದು ಬೇಡ ಅನಿಸಿದರೆ ಒಂದೊಂದೇ ಇಟ್ಟಿಗೆ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಬಿಚ್ಚೋದಕ್ಕೆ ಅಂತಲೇ ಕಟ್ಟಿರೋ ಗೋಡೆ ಇದು.”

ಜನ ಚಪ್ಪಾಳೆ ತಟ್ಟಿದರು. ಕುಲಪತಿ ಲೀಡರನನ್ನು ಮುಂದೆ ಕರೆದು ಹೂಗುಚ್ಛ ಕೊಟ್ಟು, ಈ ಕೆಲಸ ಸುಗಮವಾಗಿ ನಡೆದದ್ದು ಇವರಿಂದ, ಇನ್ನು ಮುಂದೆ ಈ ಕ್ಯಾಂಪಸ್ಸಿನ ಮೇಲ್ವಿಚಾರಕರಾಗಿ ನಮ್ಮ ಜೊತೆಯಲ್ಲೇ ಇರುತ್ತಾರೆ ಎಂದರು. ಮನೆಯ ಮಾತು ಬರಲಿಲ್ಲ. ಕಾಫಿಗೆ ಎಲ್ಲರೂ ಚದುರಿದರು.

ಸುಣ್ಣಕ್ಕ ಎದ್ದು ಅಣ್ಣನ ಮುಂದೆ ನಿಂತಳು.

“ಹೊದಿಕೆ ನೋಡಿದೆ,” ಎಂದಳು.

ಅವನು ಹೂಗುಚ್ಛವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ನಲವತ್ತು ಮನೆ ಆಗಲ್ಲ ಅಂದ್ರು ಕಣೇ. ಒಂದು ಕೊಡ್ತೀವಿ ಅಂದ್ರು. ಒಂದಾದ್ರೂ ಉಳೀಲಿ ಅಂತ.”

“ಯಾವಾಗ ಅಂದ್ರು?”

“ಅದು ಈಗ್ಯಾಕೆ...”

“ಇಟ್ಟಿಗೆ ಇಳಿಸೋಕೆ ಮುಂಚೆನಾ, ಆಮೇಲಾ?”

ಅವನು ತನ್ನ ಬೂಟು ನೋಡಿಕೊಂಡ.

“ನಂಬರ್ ಕೆತ್ತಿಸು ಅಂದಿದ್ದು ನೀನಾ, ಅವರಾ?”

“ಅವರೇ,” ಎಂದ ಲೀಡರ್. “ತಮ್ಮದೇ ಮನೆ ಇಟ್ಟಿಗೆ ಅಂದ್ರೆ ಹೆಂಗಸರು ಒಡೆಯಲ್ಲ ಅಂತ. ನನಗೂ ವಯಸ್ಸಾಯ್ತು ತಂಗೀ. ಈ ಭುಜದಲ್ಲಿ ಇನ್ನೆಷ್ಟು ದಿನ...”

“ಆ ಭುಜ ತೋರಿಸಬೇಡ,” ಎಂದಳು ಸುಣ್ಣಕ್ಕ. “ಅದು ನಮ್ಮದು. ಅದನ್ನೂ ಅವರಿಗೇ ಮಾರಿಬಿಟ್ಯಲ್ಲೋ.”

ಅವಳಿಗೆ ಅಳು ಬರಲಿಲ್ಲ. ಗಂಡ ಸತ್ತಾಗ ಕಂಪನಿಯ ಮೇಲೆ ಸಿಟ್ಟಿತ್ತು, ಸಿಟ್ಟಿಗೆ ಒರಗಿಕೊಳ್ಳಲು ಅಣ್ಣನಿದ್ದ. ಈಗ ಒರಗಲು ಏನೂ ಇರಲಿಲ್ಲ. ತಾನು ಒಂದೊಂದು ಇಟ್ಟಿಗೆಯನ್ನೂ ಕೂಸಿನ ಹಾಗೆ ನೋಡಿಕೊಂಡದ್ದು ಯಾರ ಮನೆ ಉದ್ಧಾರಕ್ಕೆ ಎಂದು ನೆನೆದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ನಾಚಿಕೆಪಡಬೇಕಾದವನು ಹೂ ಹಿಡಿದುಕೊಂಡು ನಿಂತಿದ್ದ.

ಅವಳು ತಿರುಗಿ ಗೋಡೆಯ ಹತ್ತಿರ ಹೋದಳು. ಹೆಂಗಸರಿಗೆ ಕೂರಲು ಹಾಕಿದ್ದ ಒಂದು ಮಣೆಯನ್ನು ಎಳೆದು ಅದರ ಮೇಲೆ ಹತ್ತಿ ನಿಂತಳು. ಬೀಡಿಯ ಚುಕ್ಕೆಗಳಿದ್ದ ಇಟ್ಟಿಗೆಯ ಪಕ್ಕದ ಸಂದಿಗೆ ಉಳಿಯನ್ನು ಓರೆಯಾಗಿಟ್ಟು ಸುತ್ತಿಗೆಯಿಂದ ತಟ್ಟಿದಳು. ಸುಣ್ಣದ ಗಾರೆ ಇನ್ನೂ ಎಳೆಯದು. ಪುಡಿಪುಡಿಯಾಗಿ ಉದುರಿತು.

ಕಾಫಿ ಕುಡಿಯುತ್ತಿದ್ದ ಅತಿಥಿಗಳು ಇದೂ ಪ್ರದರ್ಶನವೇ ಎಂದುಕೊಂಡು ಹತ್ತಿರ ಬಂದರು. ಒಬ್ಬಿಬ್ಬರು ಫೋಟೋ ತೆಗೆದರು. ಆರ್ಕಿಟೆಕ್ಟ್ ಕೂಡ ನಗುತ್ತಲೇ ಬಂದ, ಅರ್ಧ ದಾರಿಯಲ್ಲಿ ನಗು ನಿಂತಿತು.

“ಏನಮ್ಮಾ, ಏನ್ ಮಾಡ್ತಿದ್ದೀಯ?”

“ಬಿಚ್ತಿದ್ದೀನಿ,” ಎಂದಳು ಸುಣ್ಣಕ್ಕ. “ಬಿಚ್ಚೋಕೆ ಅಂತಲೇ ಕಟ್ಟಿದ್ದು ಅಂದ್ರಲ್ಲ.”

ಆ ಕಡೆಯ ತುದಿಯಲ್ಲಿ ಇನ್ನೊಂದು ಸುತ್ತಿಗೆಯ ಸದ್ದು ಕೇಳಿತು. ಮೆಣಸಜ್ಜಿ ತನ್ನ ಮನೆಯ ಹದಿನಾರರ ಮುಂದೆ ನಿಂತಿದ್ದಳು. ಬಾಯಲ್ಲಿ ಕುಲಪತಿಯ ಅಪ್ಪ, ಅಜ್ಜ, ಅವ್ವ ಎಲ್ಲರೂ ಒಬ್ಬೊಬ್ಬರಾಗಿ ಬರುತ್ತಿದ್ದರು. ಚಾಪೆಯ ಮೇಲಿದ್ದ ಇತರ ಹೆಂಗಸರು ತಮ್ಮ ಕೈಯಲ್ಲಿದ್ದ ಉಳಿಯನ್ನು ನೋಡಿಕೊಂಡರು. ಕಾವಲಿನವರು ಬಂದರು, ಕಾರ್ಯಕ್ರಮವೋ ಗಲಾಟೆಯೋ ತಿಳಿಯದೆ ಕುಲಪತಿಯ ಮುಖ ನೋಡಿದರು. ಕುಲಪತಿ ಲೀಡರನ ಮುಖ ನೋಡಿದರು.

“ನಿಮ್ಮ ತಂಗಿ ತಾನೆ? ಇಳಿಸಿ ಅವರನ್ನ.”

ಲೀಡರ್ ಮಣೆಯ ಹತ್ತಿರ ಬಂದ. “ಇಳಿಯೇ. ನನ್ನ ಮಾನ ಕಳೀಬೇಡ. ನಾಲ್ಕು ಜನದ ಮುಂದೆ ಕಾಲು ಹಿಡೀಬೇಕಾ ನಿಂದು?”

ಇಟ್ಟಿಗೆ ಅಲುಗಾಡಿತು. ಸುಣ್ಣಕ್ಕ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅದು ಬೀಗದ ಕೈಗೆ ತಾಗಿ ಸದ್ದಾಯಿತು. ಎರಡೂ ಕೈಯಿಂದ ಇಟ್ಟಿಗೆಯನ್ನು ಎಬ್ಬಿಸಿ ಎಳೆದುಕೊಂಡು, ಅಣ್ಣನ ಕಡೆ ತಿರುಗಿದಳು.

“ಹಿಡ್ಕೋ,” ಎಂದು ತೂರಿದಳು.

ಹೂಗುಚ್ಛ ನೆಲಕ್ಕೆ ಬಿತ್ತು. ಅವನ ಕೈಗಳು ಅವನನ್ನು ಕೇಳದೆಯೇ ಮುಂದೆ ಬಂದು, ಇಟ್ಟಿಗೆಯ ರಭಸದ ಜೊತೆಗೇ ಹಿಂದಕ್ಕೆ ಸರಿದು, ಅದನ್ನು ಎದೆಗೆ ಒತ್ತಿಕೊಂಡವು. ಇಳಿದ ಭುಜ ನೋವಿಗೆ ನಡುಗಿತು. ಹೆಬ್ಬೆರಳಿನ ಕೆಳಗೆ ಕಡ್ಡಿಯಿತ್ತು, ಕುಡುಗೋಲಿತ್ತು. ಕೆಳಗಿಡಿ ಅದನ್ನು, ಕೆಳಗಿಡಿ ಎಂದು ಕುಲಪತಿ ಕೂಗುತ್ತಿದ್ದರು. ಅವನು ಇಡಲಿಲ್ಲ, ಎಲ್ಲಿಡಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ನಿಂತ.

“ಇದು ಒಂದು,” ಎಂದಳು ಸುಣ್ಣಕ್ಕ.

ಮತ್ತೆ ಗೋಡೆಯ ಕಡೆ ತಿರುಗಿ ಪಕ್ಕದ ಹದಿನೇಳಕ್ಕೆ ಉಳಿ ಇಟ್ಟಳು.